ಗಾಡಿ ಕೆಲಸಕ್ಕೆ ಎಂಥ ಮಿಗ್ ವೆಲ್ಡಿಂಗ್ ಮೆಷಿನ್ ತಗೊಳ್ಳಬೇಕು?

ಮಿಗ್ ಎಂದರೆ ಕಡ್ಡಿಯ ಬದಲು ಸ್ಪೂಲಿನಲ್ಲಿ ಸುತ್ತಿದ ವೈರ್ ತಾನಾಗಿ ಟಾರ್ಚಿನಿಂದ (ಕೈಯಲ್ಲಿ ಹಿಡಿಯುವ ಗನ್) ಹೊರಬಂದು ಕರಗಿ ಬೆಸೆಯುವ ವೆಲ್ಡಿಂಗ್; ಬಿಸಿ ಲೋಹಕ್ಕೆ ಗಾಳಿ ತಾಗದಂತೆ ಸಿಲಿಂಡರಿನ ಗ್ಯಾಸ್ ಕಾಯುತ್ತದೆ. ನೀವು ಕೇಳಿರುವುದು ಇಷ್ಟು: ಹಳೆಯ ಜೀಪಿನ ತುಕ್ಕು ತಿಂದ ಫ್ಲೋರ್ ಷೀಟ್ ಬದಲಿಸಬೇಕು, ಆಮೇಲೆ ಬಂಪರ್, ಮೇಲಿನ ಕ್ಯಾರಿಯರ್, ಒಂದಷ್ಟು ಬ್ರಾಕೆಟ್ ಮಾಡಿಕೊಳ್ಳಬೇಕು. ಮನೆಯಲ್ಲಿರುವುದು 230 ವೋಲ್ಟಿನ ಸಿಂಗಲ್ ಫೇಸ್. 140 ಆಂಪಿನ ಮೆಷಿನ್ ಸಾಕೇ, 250ರದ್ದು ಬೇಕೇ, ಗ್ಯಾಸ್ ಇಲ್ಲದೆ ನಡೆಯುತ್ತದೆಯೇ?

ನನ್ನ ಉತ್ತರ: 200 ಆಂಪಿನ ಆಸುಪಾಸಿನ ಇನ್ವರ್ಟರ್ (ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ಕರೆಂಟ್ ಹೊಂದಿಸುವ) ಮಿಗ್ ತಗೊಳ್ಳಿ. ಯೂರೋ ಕನೆಕ್ಟರ್ ಇರುವ ಟಾರ್ಚ್, ಲೋಹದ ವೈರ್ ಫೀಡರ್ (ವೈರನ್ನು ತಳ್ಳುವ ಭಾಗ), 5 ಕೆ.ಜಿ. ಸ್ಪೂಲ್ ಕೂರುವಷ್ಟು ಜಾಗ, ಪೋಲಾರಿಟಿ (ಪಾಸಿಟಿವ್-ನೆಗೆಟಿವ್) ಬದಲಿಸುವ ವ್ಯವಸ್ಥೆ, ಈ ನಾಲ್ಕೂ ಇರಲಿ. ಜೊತೆಗೆ ಗ್ಯಾಸ್ ಸಿಲಿಂಡರಿಗೂ ದುಡ್ಡು ಎತ್ತಿಡಿ. ಆದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಗರಿಷ್ಠ ಆಂಪನ್ನೇ ನೋಡಿ ಕೊಳ್ಳಬೇಡಿ. ಗಾಡಿ ಕೆಲಸದಲ್ಲಿ ಮೆಷಿನ್ನಿನ ನಿಜವಾದ ಪರೀಕ್ಷೆ ಆಗುವುದು ಕೆಳಗಿನ ತುದಿಯಲ್ಲಿ.

ಯಾಕೆಂದರೆ, ಮೈಲ್ಡ್ ಸ್ಟೀಲಿಗೆ ಒಂದು ಒರಟು ಲೆಕ್ಕವಿದೆ: 1 ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್. ಕಾರಿನ ಬಾಡಿ ಷೀಟ್ ಸಾಮಾನ್ಯವಾಗಿ 0.7ರಿಂದ 1 ಮಿ.ಮೀ. ಇರುತ್ತದೆ. ಅಂದರೆ ನಿಮಗೆ ಬೇಕಾದದ್ದು 30–40 ಆಂಪ್, ವೋಲ್ಟೇಜ್ 15ರ ಹತ್ತಿರ. ಪ್ಯಾನೆಲ್ ಮೇಲೆ "30–200" ಅಂತ ಬರೆದಿದ್ದರೂ ಎಷ್ಟೋ ಮೆಷಿನ್‌ಗಳಲ್ಲಿ 50ಕ್ಕಿಂತ ಕೆಳಗೆ ಆರ್ಕ್ (ಲೋಹ ಕರಗಿಸುವ ವಿದ್ಯುತ್ ಜ್ವಾಲೆ) ಸ್ಥಿರವಾಗಿ ಉರಿಯುವುದೇ ಇಲ್ಲ. ಹಾಗಾಗಿ ಕೊಳ್ಳುವ ಮುಂಚೆ 0.8 ಮಿ.ಮೀ. ಷೀಟಿನ ಎರಡು ತುಂಡು ಒಯ್ದು, ಅದೇ ಮೆಷಿನ್ನಿನಲ್ಲಿ ಬೆಸೆದು ನೋಡಿ. ಸರಿಯಿದ್ದರೆ ಗಟ್ಟಿ ಬಟ್ಟೆಯನ್ನು ಒಂದೇ ಸಮನೆ ಹರಿದ ಹಾಗೆ ಸದ್ದು ಬರುತ್ತದೆ. ಟಪ್, ಟಪ್ ಎಂದು ನಿಂತು ನಿಂತು ಹತ್ತಿಕೊಂಡು, ವೈರ್ ಟಾರ್ಚನ್ನೇ ಹಿಂದಕ್ಕೆ ತಳ್ಳಿದರೆ ವೋಲ್ಟೇಜ್ ಕಮ್ಮಿ ಅಥವಾ ವೈರ್ ವೇಗ ಜಾಸ್ತಿ ಎಂದರ್ಥ. ಎರಡೂ ನಾಬ್ ತಿರುಗಿಸಿ ನೋಡಿದರೂ ಆ ಟಪ್ ಟಪ್ ಹೋಗದಿದ್ದರೆ ಆ ಮೆಷಿನ್ ಫ್ಲೋರ್ ಷೀಟಿಗೆ ಆಗುವುದಿಲ್ಲ, ಬಿಟ್ಟುಬಿಡಿ. ವೋಲ್ಟೇಜನ್ನು ಮೂರ್ನಾಲ್ಕು ಮೆಟ್ಟಿಲಲ್ಲಿ ಮಾತ್ರ ಬದಲಿಸುವ ಹಳೇ ಮಾದರಿಯ ಟ್ರಾನ್ಸ್‌ಫಾರ್ಮರ್ ಮೆಷಿನ್ ಗಟ್ಟಿಮುಟ್ಟಾದದ್ದೇ, ಆದರೆ ತೆಳು ಷೀಟಿಗೆ ಬೇಕಾದ ವೋಲ್ಟೇಜು ಎರಡು ಮೆಟ್ಟಿಲ ನಡುವೆ ಸಿಕ್ಕಿಕೊಂಡಿರುತ್ತದೆ. ಇನ್ವರ್ಟರಿನಲ್ಲಿ ಈ ತೊಂದರೆ ಇಲ್ಲ.

ಇನ್ನು ಮೇಲಿನ ತುದಿ. 3 ಮಿ.ಮೀ. ಬಂಪರ್ ಪ್ಲೇಟಿಗೆ 120 ಆಂಪ್, 5 ಮಿ.ಮೀ. ಬ್ರಾಕೆಟ್ಟನ್ನು ಒಂದೇ ಪಾಸಿನಲ್ಲಿ (ಒಂದೇ ಸಲದ ಬೆಸುಗೆಯಲ್ಲಿ) ಬೆಸೆಯಲು 200 ಆಂಪ್ ಬೇಕು. 140ರ ಮೆಷಿನ್ನಿನಲ್ಲೂ 5 ಮಿ.ಮೀ. ಆಗುತ್ತದೆ, ಆದರೆ ಅಂಚನ್ನು ಓರೆಯಾಗಿ ಗ್ರೈಂಡ್ ಮಾಡಿ ಎರಡು ಮೂರು ಪಾಸ್ ಹಾಕಬೇಕು. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಕಡ್ಡಿ ವೆಲ್ಡಿಂಗಿನಲ್ಲಿ ಶಾಖ ಸಾಲದಿದ್ದರೆ ಕಡ್ಡಿ ಅಂಟಿಕೊಂಡು ತಾನೇ ಹೇಳಿಬಿಡುತ್ತದೆ. ಮಿಗ್ ಹಾಗಲ್ಲ. ಕೆಳಗಿನ ಪ್ಲೇಟ್ ಕರಗದಿದ್ದರೂ ಮೆಷಿನ್ ವೈರ್ ಸುರಿಯುತ್ತಲೇ ಇರುತ್ತದೆ, ನೋಡಲು ಅಂದವಾದ ಬೀಡ್ (ಬೆಸುಗೆಯ ಉಬ್ಬು ಗೆರೆ) ಕೂಡ ಬರುತ್ತದೆ. ಆ ಬೀಡ್ ಪ್ಲೇಟಿನ ಮೇಲೆ ಕೂತಿರುತ್ತದೆ ಅಷ್ಟೆ, ಒಳಗೆ ಬೆಸೆದಿರುವುದಿಲ್ಲ. ಸಸ್ಪೆನ್ಷನ್, ಸ್ಟೀರಿಂಗ್, ಸೀಟ್ ಬೆಲ್ಟಿನ ಬ್ರಾಕೆಟ್ ಇಂಥ ಬೆಸುಗೆಯಲ್ಲಿ ನಿಂತರೆ ಪ್ರಾಣಕ್ಕೇ ಕುತ್ತು. ಈ ಮೂರು ಜಾಗವನ್ನು ಕೈ ಪಳಗುವವರೆಗೆ ಮುಟ್ಟಬೇಡಿ.

ಡ್ಯೂಟಿ ಸೈಕಲ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. "200 ಆಂಪಿಗೆ 30%" ಅಂದರೆ 10 ನಿಮಿಷದಲ್ಲಿ 3 ನಿಮಿಷ ವೆಲ್ಡ್ ಮಾಡಿ 7 ನಿಮಿಷ ಆರಲು ಬಿಡಬೇಕು. ಅದೇ ಮೆಷಿನ್ 110 ಆಂಪಿನ ಹತ್ತಿರ ನಿಲ್ಲಿಸದೆ ಓಡುತ್ತದೆ. ಷೀಟ್ ಕೆಲಸದಲ್ಲಿ ಆ ಮಿತಿಗೆ ಹೋಗುವ ಪ್ರಶ್ನೆಯೇ ಬರುವುದಿಲ್ಲ. ಈ ಅಂಕಿಯನ್ನು 40 ಡಿಗ್ರಿ ಸುತ್ತಲಿನ ಶಾಖದಲ್ಲಿ ಅಳೆದದ್ದೋ 25ರಲ್ಲೋ ಎಂದು ಮಾತ್ರ ಕೇಳಿ. 25ರಲ್ಲಿ ಅಳೆದ 30% ಬೇಸಿಗೆಯ ಶೆಡ್ಡಿನಲ್ಲಿ ಸಿಗುವುದಿಲ್ಲ.

ನಿಜವಾದ ಮಿತಿ ಇರುವುದು ನಿಮ್ಮ ಮನೆಯ ವೈರಿಂಗಿನಲ್ಲಿ. 200 ಆಂಪ್, 24 ವೋಲ್ಟಿನ ಆರ್ಕ್ ಎಂದರೆ 4.8 ಕಿಲೋವ್ಯಾಟ್. ಮೆಷಿನ್ನಿನೊಳಗಿನ ನಷ್ಟ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) ಸೇರಿಸಿದರೆ ಗೋಡೆಯಿಂದ 30 ಆಂಪ್ ದಾಟಿ ಎಳೆಯುತ್ತದೆ. 16 ಆಂಪಿನ ಸಾಕೆಟ್ಟಿನಿಂದ ನಿರಾಳವಾಗಿ ಸಿಗುವುದು 110–120 ಆಂಪಿನ ವೆಲ್ಡಿಂಗ್ ಮಾತ್ರ. ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಇರುವ ಮೆಷಿನ್ನಾದರೆ 140ರವರೆಗೆ ಹೋಗಬಹುದು. 250ರದ್ದು ಬೇಡ ಎನ್ನುವುದು ಇದಕ್ಕೇ: ಪೂರ್ತಿ ಬಳಸಲು ವೈರಿಂಗ್ ಬಿಡುವುದಿಲ್ಲ. 200ರ ಪೂರ್ತಿ ಶಕ್ತಿ ಬೇಕಾದಾಗ ಎಲೆಕ್ಟ್ರಿಷಿಯನ್ ಕೈಲಿ 32 ಆಂಪಿನ ಪ್ರತ್ಯೇಕ ಲೈನ್ ಎಳೆಸಿಕೊಳ್ಳಿ. ಎಕ್ಸ್‌ಟೆನ್ಷನ್ ಕೇಬಲ್ ಬಳಸಿದರೆ ತಾಮ್ರದ 2.5 ಚದರ ಮಿ.ಮೀ.ಗಿಂತ ಸಣ್ಣದು ಬೇಡ, ಉದ್ದ ಹೆಚ್ಚಾದರೆ 4 ಹಾಕಿ. ಸುರುಳಿ ಪೂರ್ತಿ ಬಿಚ್ಚಿ ಹಾಸಿ, ಸುತ್ತಿದ ಹಾಗೇ ಬಿಟ್ಟರೆ ಕಾದು ಕರಗುತ್ತದೆ.

ಈಗ ಮೆಷಿನ್ನಿನ ಪಕ್ಕದ ಬಾಗಿಲು ತೆಗೆದು ಫೀಡರ್ ನೋಡಿ. ಮಿಗ್‌ನಲ್ಲಿ "ವೆಲ್ಡಿಂಗ್ ಸರಿ ಬರುತ್ತಿಲ್ಲ" ಎಂಬ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ. ವೈರ್ ಒಂದು ಕ್ಷಣ ತಡವರಿಸಿದರೂ ಆರ್ಕ್ ಉದ್ದವಾಗಿ, ವೈರ್ ಹಿಂದಕ್ಕೆ ಉರಿದು ಟಿಪ್ಪಿಗೆ (ಟಾರ್ಚಿನಿಂದ ವೈರ್ ಹೊರಬರುವ ಸಣ್ಣ ತೂತಿನ ತುದಿ) ಕಚ್ಚಿಕೊಳ್ಳುತ್ತದೆ. ಟಿಪ್ ಮುಚ್ಚಿದೆ, ರೋಲರ್ ಮಾತ್ರ ತಳ್ಳುತ್ತಲೇ ಇದೆ, ಆಗ ಫೀಡರಿನೊಳಗೆ ವೈರ್ ಗುಬ್ಬಚ್ಚಿ ಗೂಡಿನಂತೆ ಸುತ್ತಿಕೊಳ್ಳುತ್ತದೆ. ರೋಲರ್ ಕೂತಿರುವ ಚೌಕಟ್ಟು ಪ್ಲಾಸ್ಟಿಕ್ ಆಗಿದ್ದರೆ ಒತ್ತಡಕ್ಕೆ ಬಾಗಿ ಈ ಕಾಟ ಮತ್ತೆ ಮತ್ತೆ ಬರುತ್ತದೆ. ಎರಡೇ ರೋಲರ್ ಇದ್ದರೂ ಚಿಂತೆಯಿಲ್ಲ, ಚೌಕಟ್ಟು ಎರಕದ ಅಲ್ಯುಮಿನಿಯಂ ಇರಲಿ. ಗಟ್ಟಿ ಉಕ್ಕಿನ ವೈರಿಗೆ ವಿ ಆಕಾರದ ತೋಡು, ಒಳಗೆ ಫ್ಲಕ್ಸ್ ಪುಡಿ ತುಂಬಿದ (ಗ್ಯಾಸ್ ಬೇಡದ) ವೈರಿಗೆ ಹಲ್ಲು ಹಲ್ಲಾದ ತೋಡು ಇರುವ ರೋಲರ್ ಬೇಕು. 0.6 ಮಿ.ಮೀ. ವೈರ್ ಬಳಸುವುದಾದರೆ ಆ ಅಳತೆಯ ರೋಲರ್ ಸಿಗುತ್ತದೆಯೇ ಎಂದು ಕೇಳಿ, ಕೆಲವಕ್ಕೆ 0.8ರಿಂದಲೇ ಶುರು.

ಒತ್ತಡ ಹೊಂದಿಸುವ ರೀತಿ ಹೀಗೆ. ಒತ್ತುವ ನಟ್ ಸಡಿಲ ಮಾಡಿ, ಟಾರ್ಚನ್ನು ಒಣ ಮರದ ತುಂಡಿಗೆ ಓರೆಯಾಗಿ, ಎರಡು ಇಂಚು ದೂರದಲ್ಲಿ ಹಿಡಿದು ಟ್ರಿಗರ್ ಒತ್ತಿ. ವೈರ್ ಮರಕ್ಕೆ ತಾಗಿದಾಗ ರೋಲರ್ ಜಾರುತ್ತದೆ. ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತ ಬನ್ನಿ. ವೈರ್ ಮರಕ್ಕೆ ತಾಗಿ ಬಾಗಿ, ಸುರುಳಿಯಾಗಿ ಹೊರಬರಲು ಶುರುವಾದ ಕಡೆ ನಿಲ್ಲಿಸಿ. ಇನ್ನೂ ಬಿಗಿದರೆ ವೈರ್ ಚಪ್ಪಟೆಯಾಗಿ, ಅದರ ಪುಡಿ ಲೈನರಿನಲ್ಲಿ (ಟಾರ್ಚ್ ಕೇಬಲ್ಲಿನೊಳಗೆ ವೈರ್ ಹಾಯುವ ಕೊಳವೆ) ತುಂಬಿ, ತಿಂಗಳೊಪ್ಪತ್ತಿನಲ್ಲಿ ಮತ್ತೆ ತಡವರಿಕೆ. ಸ್ಪೂಲಿನ ಬ್ರೇಕ್ ಕೂಡ ಹಾಗೆಯೇ: ಟ್ರಿಗರ್ ಬಿಟ್ಟಾಗ ಸ್ಪೂಲ್ ತಾನಾಗಿ ಸುತ್ತಬಾರದು, ಕೈಯಲ್ಲಿ ತಿರುಗಿಸಿದರೆ ಬಿಗಿ ಎನಿಸಲೂಬಾರದು.

ಟಾರ್ಚ್ ಮೆಷಿನ್ನಿಗೇ ಅಂಟಿಕೊಂಡ ಮಾದರಿ ಬೇಡ. ಯೂರೋ ಕನೆಕ್ಟರ್ ಇದ್ದರೆ ಟಾರ್ಚ್ ಕೆಟ್ಟಾಗ ಬಿಚ್ಚಿ ಬೇರೆಯದು ಹಾಕಬಹುದು. ಎಂಬಿ15 ಮಾದರಿಯ ಟಾರ್ಚ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು: ಕೈಗೆ ಹಗುರ, ಟಿಪ್, ನಾಝಲ್ (ಗ್ಯಾಸ್ ಹೊರಬರುವ ಮೂತಿ) ಹುಡುಕಾಡದೆ ಸಿಗುತ್ತವೆ. ಕೇಬಲ್ 3 ಮೀಟರಿಗೆ ಮಿತಿ ಇರಲಿ, ಸಣ್ಣ ವೈರನ್ನು 5 ಮೀಟರ್ ತಳ್ಳುವುದು ಕಷ್ಟ. 0.6ರಿಂದ 0.9ರ ವೈರಿಗೆ ನೀಲಿ ಲೈನರ್.

ವೈರ್ ವಿಷಯದಲ್ಲಿ ಇಆರ್70ಎಸ್-6 ಎಂದು ಕೇಳಿ. ಇದರಲ್ಲಿ ಸಿಲಿಕಾನ್, ಮ್ಯಾಂಗನೀಸ್ ಹೆಚ್ಚಿರುವುದರಿಂದ ಅಲ್ಪಸ್ವಲ್ಪ ತುಕ್ಕು, ಕೊಳೆಯನ್ನು ಸಹಿಸುತ್ತದೆ. ಬಾಡಿ ಷೀಟಿಗೇ ಮೀಸಲಾದರೆ 0.6, ಎಲ್ಲಕ್ಕೂ ಒಂದೇ ಬೇಕೆಂದರೆ 0.8. ಗ್ಯಾಸಿಗೆ ಆರ್ಗಾನ್ 80, ಕಾರ್ಬನ್ ಡೈ ಆಕ್ಸೈಡ್ 20ರ ಮಿಶ್ರಣ ನನ್ನ ಆಯ್ಕೆ. ಬರೀ ಕಾರ್ಬನ್ ಡೈ ಆಕ್ಸೈಡ್ ಅಗ್ಗ, ದಪ್ಪ ಪ್ಲೇಟಿಗೆ ಚೆನ್ನಾಗಿ ಇಳಿಯುತ್ತದೆ, ಆದರೆ ಕಿಡಿ ಹೆಚ್ಚು, ತೆಳು ಷೀಟಿನಲ್ಲಿ ತೂತು ಬೀಳುವುದೂ ಹೆಚ್ಚು. ಹರಿವು ನಿಮಿಷಕ್ಕೆ 8–12 ಲೀಟರ್ ಸಾಕು. ಬೀಡಿನಲ್ಲಿ ಸಣ್ಣ ತೂತುಗಳು ಕಂಡಾಗ ಜನ ಗ್ಯಾಸ್ ಇನ್ನಷ್ಟು ಜೋರು ಮಾಡುತ್ತಾರೆ. ಅತಿಯಾದ ಹರಿವು ಸುಳಿಯೆದ್ದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ತೂತು ಇನ್ನೂ ಹೆಚ್ಚುತ್ತದೆ. ಮೊದಲು ಫ್ಯಾನ್ ಆಫ್ ಮಾಡಿ, ನಾಝಲ್ ಒಳಗೆ ಕಟ್ಟಿದ ಕಿಡಿಯ ಗುಂಡುಗಳನ್ನು ಕೆರೆದು ನೋಡಿ. 10 ಲೀಟರಿನ ಸಿಲಿಂಡರಿನಲ್ಲಿ 150 ಬಾರ್ ತುಂಬಿದ್ದರೆ 1500 ಲೀಟರ್ ಗ್ಯಾಸ್, ಅಂದರೆ ಸುಮಾರು ಎರಡೂವರೆ ಗಂಟೆ ಆರ್ಕ್.

ಗ್ಯಾಸ್ ಇಲ್ಲದ ಫ್ಲಕ್ಸ್ ವೈರ್ ಬಯಲಿನಲ್ಲಿ, ಗಾಳಿಯಲ್ಲಿ, 2 ಮಿ.ಮೀ. ಮೇಲಿನ ಪ್ಲೇಟಿಗೆ ಒಳ್ಳೆಯದೇ. ಫ್ಲೋರ್ ಷೀಟಿಗೆ ಬೇಡ, ಬಿಸಿ ಹೆಚ್ಚು, ಸ್ಲ್ಯಾಗ್ (ಬೆಸುಗೆಯ ಮೇಲೆ ಕಟ್ಟುವ ಗಟ್ಟಿ ಪದರ) ಬಡಿದು ತೆಗೆಯುವ ಕೆಲಸ ಬೇರೆ. ಬಳಸುವಾಗ ಟಾರ್ಚ್ ನೆಗೆಟಿವ್, ಅರ್ಥ್ ಕ್ಲಾಂಪ್ ಪಾಸಿಟಿವ್ ಆಗಬೇಕು. ಗ್ಯಾಸಿನ ವೈರಿಗೆ ಇದರ ಉಲ್ಟಾ. ಪೋಲಾರಿಟಿ ಬದಲಿಸುವ ಸೌಲಭ್ಯ ಕೇಳಿದ್ದು ಇದಕ್ಕೇ. ಅಲ್ಯುಮಿನಿಯಂ ಆಸೆ ಸದ್ಯಕ್ಕೆ ಬಿಡಿ, ಅದಕ್ಕೆ ಶುದ್ಧ ಆರ್ಗಾನ್ ಬೇಕು, ಸ್ಪೂಲ್ ಗನ್ (ಸ್ಪೂಲ್ ಟಾರ್ಚಿನಲ್ಲೇ ಕೂತಿರುವ ಮಾದರಿ) ಇದ್ದರೆ ಒಳ್ಳೆಯದು.

ಮೆಷಿನ್ ಬಂದ ಮೇಲೆ ಷೀಟಿನ ಮೇಲೆ ಉದ್ದಕ್ಕೆ ಬೀಡ್ ಎಳೆಯಬೇಡಿ, ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಒಂದೊಂದು ಇಂಚಿಗೆ ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ) ಹಾಕಿ, ಒಂದು ತುದಿ, ಇನ್ನೊಂದು ತುದಿ, ನಡು ಎಂದು ಜಾಗ ಬದಲಿಸುತ್ತ, ಕೈ ಇಟ್ಟರೆ ಸುಡದಷ್ಟು ಆರಿದ ಮೇಲೆ ಮುಂದಿನದು. ಬ್ಯಾಟರಿಯ ನೆಗೆಟಿವ್ ಮೊದಲೇ ಕಳಚಿ. ಅರ್ಥ್ ಕ್ಲಾಂಪನ್ನು ವೆಲ್ಡಿಂಗ್ ಜಾಗದ ಪಕ್ಕದಲ್ಲೇ, ಬಣ್ಣ ಕೆರೆದ ಲೋಹಕ್ಕೆ ಹಾಕಿ, ಕರೆಂಟು ಬೇರಿಂಗ್ ಮೂಲಕ ಹಾಯಬಾರದು. ಸತುವಿನ ಲೇಪ ಇದ್ದರೆ ಅಂಚಿನಿಂದ ಒಂದು ಇಂಚು ಗ್ರೈಂಡ್ ಮಾಡಿ, ಅದರ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗಕ್ಕೆ ಆರ್ಕ್ ಹಚ್ಚಲೇಬೇಡಿ, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಒರೆಸಲು ಅಸಿಟೋನ್ ಬಳಸಿ, ಪೂರ್ತಿ ಆರಿದ ಮೇಲೆ ಶುರು ಮಾಡಿ.

ಗಾಡಿಗೆ ಕೈ ಹಾಕುವ ಮುಂಚೆ, ಬಂಪರಿಗೆ ಬಳಸುವ ಅದೇ 3 ಮಿ.ಮೀ. ಪ್ಲೇಟಿನ ಎರಡು ತುಂಡನ್ನು ಟಿ ಆಕಾರದಲ್ಲಿ ನಿಲ್ಲಿಸಿ, ಒಂದೇ ಬದಿಗೆ ಮೂರು ಇಂಚು ಬೀಡ್ ಹಾಕಿ. ಆರಿದ ಮೇಲೆ ವೈಸಿಗೆ ಕಚ್ಚಿಸಿ, ನಿಂತ ತುಂಡನ್ನು ಬೀಡ್ ಇರುವ ಕಡೆಗೇ ಸುತ್ತಿಗೆಯಿಂದ ಮಡಚಿ. ಪ್ಲೇಟ್ ಬಾಗಿ ಬೀಡ್ ಉಳಿದರೆ ಆ ಸೆಟ್ಟಿಂಗನ್ನು ಮೆಷಿನ್ನಿನ ಬಾಗಿಲ ಒಳಬದಿಯಲ್ಲಿ ಮಾರ್ಕರಿನಿಂದ ಬರೆದಿಡಿ. ಬೀಡ್ ಸಿಪ್ಪೆಯಂತೆ ಎದ್ದು ಬಂದು, ಕೆಳಗೆ ಪ್ಲೇಟಿನ ನುಣುಪು ಮೈ ಹಾಗೇ ಕಂಡರೆ ವೋಲ್ಟೇಜ್ ಒಂದು ಹೆಜ್ಜೆ ಏರಿಸಿ, ಇನ್ನೊಂದು ಜೋಡಿ ತುಂಡು ತೆಗೆದುಕೊಳ್ಳಿ.