ಕೌನ್ಸಿಲ್‌ನ ಸ್ಕ್ರೂಟಿನಿ ಕಮಿಟಿಗೆ ಹೇಳಿದರೆ ಅತ್ತೆಯ ಕೇರ್ ಸರಿಹೋಗುತ್ತದೆಯಾ?

ನೀವು ಕೇಳಿದ್ದು ಇಷ್ಟು: ಇಂಗ್ಲೆಂಡಿನಲ್ಲಿರುವ ನಿಮ್ಮ ಅತ್ತೆಗೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಗೊತ್ತುಮಾಡಿದ ಏಜೆನ್ಸಿಯ ಕೇರರ್‌ಗಳು, ಅಂದರೆ ಮನೆಗೆ ಬಂದು ನೋಡಿಕೊಳ್ಳುವವರು, ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ಕೌನ್ಸಿಲ್‌ನಲ್ಲಿ ಹೆಲ್ತ್ ಮತ್ತು ಅಡಲ್ಟ್ ಕೇರ್ ನೋಡುವ ಸ್ಕ್ರೂಟಿನಿ ಕಮಿಟಿ ಇದೆಯಂತೆ. ಅಲ್ಲಿಗೆ ಹೇಳಿದರೆ ಪ್ರಯೋಜನ ಇದೆಯಾ, ಇಲ್ಲ ಅದು ಸುಮ್ನೆ ಹೆಸರಿಗೆ ಇರುವುದಾ?

ಹೆಸರಿಗೆ ಇರುವುದಲ್ಲ. ಆದರೆ ನಿಮ್ಮ ಅತ್ತೆಯೊಬ್ಬರ ಸಮಸ್ಯೆಯನ್ನು ಅದು ಬಗೆಹರಿಸುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ, ಮೊದಲು ಅದನ್ನು ಹಿಡಿಯಿರಿ. ಕೇರರ್ ಎಷ್ಟು ಗಂಟೆಗೆ ಬರಬೇಕಿತ್ತು, ಎಷ್ಟಕ್ಕೆ ಬಂದರು, ಎಷ್ಟು ಹೊತ್ತು ಇದ್ದರು ಅಂತ ದಿನವೂ ಬರೆದಿಡಿ. ಅದನ್ನು ಸೇರಿಸಿ ಕೌನ್ಸಿಲ್‌ಗೇ ಲಿಖಿತ ದೂರು ಕೊಡಿ, ಕೇರ್ ಪ್ಲಾನ್ ಮತ್ತೆ ಪರಿಶೀಲಿಸಿ ಅಂತಲೂ ಕೇಳಿ. 'ಏಜೆನ್ಸಿಯವರನ್ನೇ ಕೇಳಿ' ಎಂದು ಕೌನ್ಸಿಲ್ ಕೈತೊಳೆದುಕೊಳ್ಳುವ ಹಾಗಿಲ್ಲ. ಕೌನ್ಸಿಲ್ ಏರ್ಪಾಡು ಮಾಡಿದ ಕೇರ್ ಆದರೆ ಹೊಣೆ ಕೌನ್ಸಿಲ್‌ನದೇ. ಸರಿಯಾದ ಉತ್ತರ ಬರದಿದ್ದರೆ ಕೌನ್ಸಿಲ್‌ಗಳ ಮೇಲಿನ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಇದ್ದಾರೆ. ಸಾಮಾನ್ಯವಾಗಿ ವಿಷಯ ಗೊತ್ತಾದ 12 ತಿಂಗಳೊಳಗೆ ಅವರ ಹತ್ತಿರ ಹೋಗಬೇಕು. ಮಾತ್ರೆ ತಪ್ಪುತ್ತಿದೆ, ಊಟ ತಪ್ಪುತ್ತಿದೆ ಅನ್ನುವ ಮಟ್ಟಕ್ಕೆ ಬಂದಿದ್ದರೆ ಇದ್ಯಾವುದಕ್ಕೂ ಕಾಯಬೇಡಿ. ಇವತ್ತೇ ಕೌನ್ಸಿಲ್‌ನ ಸೇಫ್‌ಗಾರ್ಡಿಂಗ್ (ಅಪಾಯದಿಂದ ರಕ್ಷಿಸುವ) ತಂಡಕ್ಕೆ ಫೋನ್ ಮಾಡಿ. ಅಪಾಯವಿದೆ ಎಂದು ಅನುಮಾನ ಬಂದರೆ ವಿಚಾರಣೆ ಮಾಡುವುದು 2014ರ ಕೇರ್ ಆಕ್ಟ್ ಪ್ರಕಾರ ಅವರ ಕರ್ತವ್ಯ.

ಈಗ ಕಮಿಟಿ ವಿಷಯ. ನಾನು ಮಿಡ್‌ಲ್ಯಾಂಡ್ಸ್‌ನಲ್ಲಿದ್ದೇನೆ. ನಮ್ಮ ತಂದೆಗೆ ಕೇರ್ ಶುರುವಾದ ಮೇಲೆ ನಮ್ಮ ಕೌನ್ಸಿಲ್‌ನ ಈ ಮೀಟಿಂಗ್‌ಗಳಿಗೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡೆ. ಇದರಲ್ಲಿ ಇರುವವರು ನಾವು ಆರಿಸಿದ ಕೌನ್ಸಿಲರ್‌ಗಳು. ಕೌನ್ಸಿಲ್‌ನದೇ ಕ್ಯಾಬಿನೆಟ್‌ನಲ್ಲಿ ಕೂತು ನಿರ್ಧಾರ ಮಾಡುವವರು ಇಲ್ಲಿ ಸದಸ್ಯರಾಗುವಂತಿಲ್ಲ, ಕರೆದಾಗ ಬಂದು ಉತ್ತರ ಕೊಡಬೇಕು. ಕಮಿಟಿ ಶಿಫಾರಸು ಮಾಡಿ ಉತ್ತರ ಕೇಳಿದರೆ ಕ್ಯಾಬಿನೆಟ್ ಎರಡು ತಿಂಗಳಲ್ಲಿ ಉತ್ತರಿಸಬೇಕು. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಅಧಿಕಾರಿಗಳನ್ನೂ ಕರೆಸಬಹುದು, ಮಾಹಿತಿ ಕೇಳಬಹುದು. ಆದರೆ 'ಹೀಗೇ ಮಾಡಿ' ಎಂದು ಆಜ್ಞೆ ಮಾಡುವ ಅಧಿಕಾರ ಇಲ್ಲ. ಹಾಗಾಗಿ ಅದರ ಬಲವೆಲ್ಲ ಪ್ರಶ್ನೆಯಲ್ಲಿದೆ. ಯಾರು ಏನು ಕೇಳುತ್ತಾರೆ ಅನ್ನುವುದೇ ಮುಖ್ಯ.

ಸರಿಯಾಗಿ ಕೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಸ್ಟ್ಯಾಫರ್ಡ್ ಆಸ್ಪತ್ರೆ ಇದೆ. 2005ರಿಂದ 2009ರವರೆಗೆ ಅಲ್ಲಿ ರೋಗಿಗಳು ಪಟ್ಟ ಪಾಡು ಕೆಟ್ಟದ್ದು. ನೀರು ಕೈಗೆಟಕದೆ, ಮೈ ತೊಳೆಸುವವರಿಲ್ಲದೆ ವಯಸ್ಸಾದವರು ಮಲಗಿದ್ದರು. ಅದನ್ನು ಹೊರಗೆ ತಂದಿದ್ದು ಮನೆಯವರು. 2013ರಲ್ಲಿ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ ಬಂತು, 290 ಶಿಫಾರಸುಗಳೊಂದಿಗೆ. ಅಲ್ಲಿನ ಕೌನ್ಸಿಲ್ ಸ್ಕ್ರೂಟಿನಿ ಕಮಿಟಿಗಳನ್ನೂ ಅದು ಬಿಡಲಿಲ್ಲ. ಆಸ್ಪತ್ರೆಯವರು ಹೇಳಿದ್ದನ್ನು ಕೇಳಿಕೊಂಡರೇ ಹೊರತು ಅಪಾಯದ ಸುಳಿವುಗಳನ್ನು ಕಮಿಟಿಗಳು ಗುರುತಿಸಲಿಲ್ಲ ಎಂಬುದು ಅದರ ಸಾರ. ಈ ವರದಿ ಓದಿದ ಮೇಲೆಯೇ ನಾನು ಈ ಮೀಟಿಂಗ್‌ಗಳನ್ನು ಗಂಭೀರವಾಗಿ ತೆಗೆದುಕೊಂಡಿದ್ದು. ಮನೆಯವರ ಮಾತು ಆ ಕೋಣೆಗೆ ತಲುಪದಿದ್ದರೆ, ಒಳ್ಳೆಯ ಕೌನ್ಸಿಲರ್‌ಗೂ ಅಧಿಕಾರಿಗಳ ವರದಿ ಬಿಟ್ಟರೆ ಬೇರೆ ಕನ್ನಡಿ ಇರುವುದಿಲ್ಲ.

ನಮ್ಮಲ್ಲಿ ಹೋಮ್ ಕೇರ್ ಬಗ್ಗೆ ಬಂದ ವರದಿಯಲ್ಲಿ ಎಷ್ಟು ಗಂಟೆಗಳ ಕೇರ್ ಕೊಂಡೆವು, ಎಷ್ಟು ಖರ್ಚಾಯಿತು ಎಲ್ಲ ಇತ್ತು. ತಡವಾದ ಭೇಟಿ, ತಪ್ಪಿಹೋದ ಭೇಟಿ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು ಅದನ್ನೇ ಪ್ರಶ್ನೆ ಮಾಡಿ ಕಳಿಸಿದೆ. ಒಬ್ಬ ಕೌನ್ಸಿಲರ್ ಪಟ್ಟು ಹಿಡಿದರು, ಮುಂದಿನ ವರದಿಯಲ್ಲಿ ಆ ಲೆಕ್ಕ ಬಂತು. ಅದರಿಂದ ನಮ್ಮ ತಂದೆಯ ಕೇರರ್ ಬೇಗ ಬರಲಿಲ್ಲ, ನಿಜ. ಆದರೆ ಯಾವ ಬಡಾವಣೆಗಳಲ್ಲಿ ತೊಂದರೆ ಜಾಸ್ತಿ ಎನ್ನುವುದು ಮೊದಲ ಸಲ ಎಲ್ಲರ ಕಣ್ಣಿಗೆ ಬಿತ್ತು.

ನೀವೂ ಹಾಗೇ ಕೇಳಿ. ಅತ್ತೆಯ ಹೆಸರು, ಕಾಯಿಲೆ ಅಲ್ಲಿ ಹೇಳಬೇಡಿ, ಅದು ಸಾರ್ವಜನಿಕ ಸಭೆ, ಹಲವು ಕಡೆ ವೀಡಿಯೊ ಕೂಡ ಆಗುತ್ತದೆ. ಅರ್ಧ ಗಂಟೆಗಿಂತ ತಡವಾದ ಭೇಟಿಗಳು ಎಷ್ಟು, ಕೇರರ್ ಬಂದು ಹೋದ ಹೊತ್ತು ಎಲೆಕ್ಟ್ರಾನಿಕ್ ಆಗಿ ದಾಖಲಾಗುತ್ತದೆಯಾ, ಆ ದಾಖಲೆಯನ್ನು ಕೌನ್ಸಿಲ್ ನೋಡುತ್ತದೆಯಾ, ಇಂಥವು ಇರಲಿ. ಅಜೆಂಡಾ ಸಭೆಗೆ ಐದು ಪೂರ್ಣ ಕೆಲಸದ ದಿನ ಮುಂಚೆ ವೆಬ್‌ಸೈಟ್‌ನಲ್ಲಿ ಬರುತ್ತದೆ. ಸಾರ್ವಜನಿಕರ ಪ್ರಶ್ನೆಗೆ ಒಂದೊಂದು ಕೌನ್ಸಿಲ್‌ನದು ಒಂದೊಂದು ನಿಯಮ, ಕೊನೆಯ ದಿನಾಂಕ ನೋಡಿಕೊಳ್ಳಿ. ನಿಮ್ಮ ವಾರ್ಡಿನ ಕೌನ್ಸಿಲರ್‌ಗೂ ಬರೆಯಿರಿ. ಇನ್ನೊಂದು ಮಾತು: ನಿಮ್ಮಲ್ಲಿ ಡಿಸ್ಟ್ರಿಕ್ಟ್, ಕೌಂಟಿ ಎರಡೂ ಕೌನ್ಸಿಲ್ ಇದ್ದರೆ ಸೋಷಿಯಲ್ ಕೇರ್ ಕೌಂಟಿಯ ಕೆಲಸ.

ಹೋಗುವ ಮುಂಚೆ ಕೇರ್ ಸೇವೆಗಳ ಗುಣಮಟ್ಟ ಪರಿಶೀಲಿಸುವ ಕೇರ್ ಕ್ವಾಲಿಟಿ ಕಮಿಷನ್‌ನ ವೆಬ್‌ಸೈಟ್ ನೋಡಿ. ಅವರು ಏಜೆನ್ಸಿಗಳನ್ನು ಮಾತ್ರವಲ್ಲ, 2023ರಿಂದ ಕೌನ್ಸಿಲ್‌ಗಳನ್ನೂ ಅಳೆಯುತ್ತಿದ್ದಾರೆ. ನಿಮ್ಮ ಕೌನ್ಸಿಲ್‌ನ ವರದಿ ಸಿಕ್ಕರೆ ಅದರಲ್ಲಿನ ಒಂದು ಸಾಲು ಹಿಡಿದು ಪ್ರಶ್ನೆ ಕೇಳಿ. ಅದಕ್ಕೆ ತೂಕ ಬೇರೆ.

ಕಮಿಟಿಯ ಕೈ ಸ್ವಲ್ಪ ಕಟ್ಟಿದ್ದಾರೆ ಎನ್ನುವುದನ್ನೂ ಹೇಳಬೇಕು. ಆಸ್ಪತ್ರೆ ಸೇವೆಯಲ್ಲಿ ದೊಡ್ಡ ಬದಲಾವಣೆ ಮಾಡುವಾಗ ಎನ್‌ಎಚ್‌ಎಸ್ ಈ ಕಮಿಟಿಯನ್ನು ಕೇಳಲೇಬೇಕು. ಒಪ್ಪಿಗೆಯಾಗದಿದ್ದರೆ ವಿಷಯವನ್ನು ಆರೋಗ್ಯ ಮಂತ್ರಿಗೆ ಒಪ್ಪಿಸುವ ಕಾನೂನು ಅಧಿಕಾರ ಮೊದಲು ಕಮಿಟಿಗೆ ಇತ್ತು. ಬ್ಯಾನ್‌ಬರಿಯ ಹಾರ್ಟನ್ ಆಸ್ಪತ್ರೆಯ ಹೆರಿಗೆ ವಿಭಾಗದ ವಿಷಯದಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಕಮಿಟಿ ಅದನ್ನು ಬಳಸಿತ್ತು. 2024ರ ಜನವರಿ 31ರಿಂದ ಆ ಅಧಿಕಾರ ಹೋಯಿತು. ಈಗ ಮಂತ್ರಿಯೇ ಮಧ್ಯೆ ಬರಬಹುದು, ಬನ್ನಿ ಎಂದು ಯಾರು ಬೇಕಾದರೂ ಪತ್ರ ಬರೆಯಬಹುದು. ಇದು ನಷ್ಟವೇ ಅಂತ ನನ್ನ ಅಭಿಪ್ರಾಯ. ಊರಿನ ಪ್ರತಿನಿಧಿಗಳ ಮಾತಿಗೂ ದಾರಿಹೋಕನ ಪತ್ರಕ್ಕೂ ಒಂದೇ ಬೆಲೆ ಆಗಬಾರದಿತ್ತು.

ಈ ಕೌನ್ಸಿಲರ್‌ಗಳನ್ನು ಆರಿಸುವುದಕ್ಕೆ ನಿಮ್ಮದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್ ಆದರೂ ಪರವಾಗಿಲ್ಲ. ವೀಸಾ ಮೇಲೆ ಇಲ್ಲಿ ವಾಸವಿರುವ ಕಾಮನ್‌ವೆಲ್ತ್ ಪ್ರಜೆಗಳು ಇಲ್ಲಿನ ಚುನಾವಣೆಗಳಲ್ಲಿ ಓಟು ಹಾಕಬಹುದು. ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿಕೊಳ್ಳಿ.

ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರದಿದ್ದರೆ ಕೇರ್ ಪ್ಲಾನ್ ಪರಿಶೀಲನೆಗೆ ಕನ್ನಡ ದುಭಾಷಿ ಬೇಕು ಎಂದು ಮೊದಲೇ ಹೇಳಿ. ಮಗನ ಮುಂದೆ, ಸೊಸೆಯ ಮುಂದೆ ನಮ್ಮ ಹಿರಿಯರು ಎಲ್ಲವನ್ನೂ ಬಾಯಿಬಿಟ್ಟು ಹೇಳುವುದಿಲ್ಲ, ಅಲ್ವಾ? ನಿಮ್ಮ ಕೌನ್ಸಿಲ್ ಕಳೆದ ವರ್ಷ ಇಂಥ ಎಷ್ಟು ಪರಿಶೀಲನೆಗಳಿಗೆ ದುಭಾಷಿ ಕೊಟ್ಟಿದೆ ಎನ್ನುವುದನ್ನೂ ಕಮಿಟಿಗೆ ಕಳಿಸುವ ಪ್ರಶ್ನೆಯಲ್ಲಿ ಸೇರಿಸಿ.