ಪ್ರವಾಸಿ ಅಭಿಮಾನಿಗೂ ಟಿಕೆಟ್ ಮಿತಿ ಬೇಕು

ನಿಮ್ಮ ಪತ್ರ ಓದಿದೆ. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಕೆಲಸದಲ್ಲಿರುವ ನೀವು ಎಕ್ಸಿಟರ್ ಸಿಟಿ ಫುಟ್‌ಬಾಲ್ ತಂಡದ ಹಿಂದೆ ಊರೂರು ತಿರುಗುತ್ತೀರಿ. ಮಂಗಳವಾರ ರಾತ್ರಿ, ಸುರಿಯೋ ಮಳೆಯಲ್ಲಿ, ಸೂರಿಲ್ಲದ ಮೆಟ್ಟಿಲ ಮೇಲೆ ನಿಂತು ನೋಡಿದ ಪಂದ್ಯಕ್ಕೆ 26 ಪೌಂಡ್ ಕೊಟ್ಟಿದ್ದೀರಿ. ಅತಿ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್‌ನಲ್ಲಿ ಪ್ರವಾಸಿ ತಂಡದ ಅಭಿಮಾನಿಯ ಟಿಕೆಟ್‌ಗೆ 30 ಪೌಂಡ್ ಮಿತಿ ಇದೆಯಲ್ಲ, ಕೆಳಗಿನ ಲೀಗ್‌ಗಳಲ್ಲಿ ಯಾಕಿಲ್ಲ ಅಂತ ಕೇಳಿದ್ದೀರಿ. ‘ಚಿಕ್ಕ ಕ್ಲಬ್‌ಗಳು ಗೇಟಿನ ದುಡ್ಡಲ್ಲೇ, ಅಂದರೆ ಟಿಕೆಟ್ ಮಾರಿದ ಹಣದಲ್ಲೇ ಬದುಕಬೇಕು, ಬಂದವರು ಕೊಡಲಿ ಬಿಡು’ ಅನ್ನುವುದು ನಿಮ್ಮ ಗೆಳೆಯರ ವಾದ.

ನಾನು ನಿಮ್ಮ ಪಕ್ಷ.

ಮೊದಲು ಒಂದು ಲೆಕ್ಕ. ಪ್ರೀಮಿಯರ್ ಲೀಗ್ ತಂಡಕ್ಕೆ ಒಂದು ಸೀಸನ್‌ನಲ್ಲಿ ಹೊರಗಿನ ಪಂದ್ಯಗಳು 19. ಎಲ್ಲಕ್ಕೂ 30 ಪೌಂಡ್ ಕೊಟ್ಟರೂ 570 ಆಯಿತು. ನಿಮ್ಮ ಲೀಗ್‌ನಲ್ಲಿ 23 ಪಂದ್ಯ. ತಲಾ 26ರಂತೆ 598. ಆಟದ ದರ್ಜೆ ಕೆಳಗಿನದು, ಖರ್ಚು ಮಾತ್ರ ಜಾಸ್ತಿ. ಇದಕ್ಕೆ ರೈಲು, ಬಸ್ಸಿನ ಖರ್ಚು ಬೇರೆ ಸೇರಿಸಬೇಕು.

ಮೇಲಿನವರ ಮಿತಿಯೂ ಸುಮ್ನೆ ಬಂದದ್ದಲ್ಲ. 2013ರ ಜನವರಿಯಲ್ಲಿ ಆರ್ಸೆನಲ್ ಮೈದಾನದ ಟಿಕೆಟ್‌ಗೆ 62 ಪೌಂಡ್ ಇಟ್ಟಾಗ ಪ್ರವಾಸಿ ತಂಡವಾದ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬು ಮಾರಾಟವಾಗದ ನೂರಾರು ಟಿಕೆಟ್‌ಗಳನ್ನು ವಾಪಸ್ ಕಳಿಸಿತು. ಅದೇ ವರ್ಷ ಅಭಿಮಾನಿಗಳು ‘ಇಪ್ಪತ್ತು ಪೌಂಡ್ ಸಾಕು’ ಎಂದು ಚಳವಳಿ ಶುರು ಮಾಡಿದರು. 2016–17ರ ಸೀಸನ್‌ನಿಂದ 30ರ ಮಿತಿ ಬಂತು. ಅದೇ ಸೀಸನ್‌ನಿಂದ ಟಿವಿಯ ಹೊಸ ಒಪ್ಪಂದದ ದುಡ್ಡೂ ಹರಿಯತೊಡಗಿತ್ತು, ಹಾಗಾಗಿ ಆ ಕ್ಲಬ್‌ಗಳಿಗೆ ಇದು ಭಾರವಾಗಲಿಲ್ಲ.

ಕೆಳಗಿನ ಮೂರು ಡಿವಿಷನ್‌ಗಳ 72 ಕ್ಲಬ್‌ಗಳಿಗೆ ಇರುವ ನಿಯಮ ಬೇರೆ: ಒಂದೇ ಬಗೆಯ ಜಾಗಕ್ಕೆ ಪ್ರವಾಸಿ ಅಭಿಮಾನಿಯಿಂದ ಊರಿನವರಿಗಿಂತ ಹೆಚ್ಚು ವಸೂಲಿ ಮಾಡಬಾರದು. ಕೇಳಲು ನ್ಯಾಯವಾಗಿಯೇ ಇದೆ ಅಲ್ವಾ? ಆದರೆ ಊರಿನ ಕಾಯಂ ಅಭಿಮಾನಿಗಳ ಕೈಯಲ್ಲಿ ಇಡೀ ಸೀಸನ್‌ಗೆ ಒಟ್ಟಿಗೇ ಕೊಂಡ ಸೀಸನ್ ಟಿಕೆಟ್ ಇರುತ್ತದೆ. ಪಂದ್ಯದ ಬಿಡಿ ದರ ಏರಿದರೆ ಅವರ ಜೇಬಿಗೆ ಬಿಸಿ ತಟ್ಟುವುದಿಲ್ಲ. ದೂರದಿಂದ ಬಂದವರು ಪೂರ್ತಿ ದರವನ್ನೇ ಕೊಡಬೇಕು. ದೊಡ್ಡ ಹಿಂಬಾಲಕರ ದಂಡಿರುವ ತಂಡ ಬಂದರಂತೂ ಕೆಲವು ಕ್ಲಬ್‌ಗಳು ಆ ಪಂದ್ಯವನ್ನು ಹೆಚ್ಚಿನ ದರದ ಪಟ್ಟಿಗೆ ಸೇರಿಸುತ್ತವೆ.

ಇನ್ನೊಂದು ವಿಷಯ. 1983ರವರೆಗೆ ಲೀಗ್ ಪಂದ್ಯದ ಗೇಟ್ ಹಣದಲ್ಲಿ ಪ್ರವಾಸಿ ಕ್ಲಬ್‌ಗೂ ಪಾಲಿತ್ತು. ಈಗ ಆ ಹಣವೆಲ್ಲ ಆತಿಥೇಯ ಕ್ಲಬ್‌ಗೇ. ನೀವು ಕೊಟ್ಟ 26ರಲ್ಲಿ ನಿಮ್ಮ ತಂಡಕ್ಕೆ ಚಿಕ್ಕಾಸೂ ಸೇರಲಿಲ್ಲ.

ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಗೇಟ್ ಹಣ ಬಿದ್ದರೆ ಚಿಕ್ಕ ಕ್ಲಬ್‌ಗೆ ಸಂಬಳ ಕೊಡುವುದೇ ಕಷ್ಟ. ಆದರೆ ದರಕ್ಕೆ ಹೆದರಿ ಜನ ಬಾರದಿದ್ದರೆ ಖಾಲಿ ಮೆಟ್ಟಿಲು ಏನೂ ದುಡಿಯುವುದಿಲ್ಲ. ಬಂದವರು ಟಿಕೆಟ್ ಜೊತೆ ಚಹಾ, ತಿಂಡಿಗೂ ದುಡ್ಡು ಕೊಡುತ್ತಾರೆ. ಅವರ ಹಾಡು, ಕೂಗಾಟ ಇಲ್ಲದ ಮೈದಾನ ಅರ್ಧ ಸತ್ತಂತೆ. ಮಿತಿಯಿಂದ ನಿಜಕ್ಕೂ ನಷ್ಟವಾಗುವ ಕ್ಲಬ್‌ಗಳಿಗೆ ಲೀಗ್ ತನ್ನ ಟಿವಿ ಹಣದಿಂದ ತುಂಬಿಕೊಡಲಿ. ಪಂದ್ಯವನ್ನು ಟಿವಿಗಾಗಿ ಶನಿವಾರ ಮಧ್ಯಾಹ್ನದಿಂದ ಬೇರೆ ಹೊತ್ತಿಗೆ ಸರಿಸಿ, ಮೊದಲೇ ಕಾಯ್ದಿರಿಸಿದ ರೈಲು ಟಿಕೆಟ್ ವ್ಯರ್ಥವಾಗುವಂತೆ ಮಾಡುವವರು ಇಷ್ಟಾದರೂ ಮಾಡಬೇಕು.

ಲೀಗ್ ಕದಲುವವರೆಗೆ ಕಾಯಬೇಕಿಲ್ಲ. ಎರಡು ಕ್ಲಬ್‌ಗಳು ಮಾತಾಡಿಕೊಂಡು ಪರಸ್ಪರ ಅಭಿಮಾನಿಗಳಿಗೆ ದರ ಇಳಿಸಿದ ಉದಾಹರಣೆಗಳಿವೆ. ಎಕ್ಸಿಟರ್ ಸಿಟಿ 2003ರಿಂದ ಅಭಿಮಾನಿಗಳ ಟ್ರಸ್ಟಿನ ಕೈಯಲ್ಲಿದೆ. ಸದಸ್ಯರಾಗಿಲ್ಲದಿದ್ದರೆ ಆಗಿಬಿಡಿ. ನಮ್ಮ ಮೈದಾನ ಸೇಂಟ್ ಜೇಮ್ಸ್ ಪಾರ್ಕ್‌ಗೆ ಬರುವವರಿಗೆ 20 ಪೌಂಡ್ ಸಾಕು, ನಮ್ಮವರಿಗೂ ಅಷ್ಟೇ ದರ ಇಡುವ ಕ್ಲಬ್‌ಗಳನ್ನು ಹುಡುಕೋಣ ಅಂತ ಮುಂದಿನ ಸಭೆಯಲ್ಲಿ ಕೇಳಿ. ಏನು ಉತ್ತರ ಬಂತು ಅಂತ ನಮಗೂ ಬರೆಯಿರಿ, ಪ್ರಕಟಿಸುತ್ತೇವೆ.

— ಸಂಪಾದಕ