ಮೂರೂವರೆಯ ನಂತರದ ಕೆಲಸ

ವೃತ್ತಿ ಬದಲಿಸಬೇಕೆಂದು ನನ್ನ ಬಳಿ ಬರುವ ಹೆಚ್ಚಿನವರಿಗೆ ಬೇಕಾಗಿರುವುದು ಒಂದು ಕೋರ್ಸಿನ ಹೆಸರು. ಇವರೂ ಹಾಗೆಯೇ ಬಂದರು. ಇಲ್ಲಿ ಮಹೇಶ ಎಂದು ಕರೆಯುತ್ತೇನೆ. ಹೆಸರು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ವಯಸ್ಸು ಮೂವತ್ತರ ಆಸುಪಾಸು. ಊರು ಬಾಗಲಕೋಟೆ ಜಿಲ್ಲೆಯಲ್ಲಿ. ಅಪ್ಪನದು ಆರು ಎಕರೆ ಕಬ್ಬು. ಬಿ.ಕಾಂ. ಮುಗಿಸಿ ಬೆಂಗಳೂರಿನ ಬ್ರೋಕಿಂಗ್ ಕಚೇರಿಯೊಂದಕ್ಕೆ ಡೀಲರ್ ಆಗಿ ಸೇರಿದರು. ಎರಡು ವರ್ಷ ಗ್ರಾಹಕರ ಆರ್ಡರ್ ಹಾಕಿ, ಆಮೇಲೆ ಸಂಸ್ಥೆಯ ಸ್ವಂತ ದುಡ್ಡಿನಲ್ಲಿ ವ್ಯವಹಾರ ಮಾಡುವ ತಂಡಕ್ಕೆ ಹೋದರು. ಅಲ್ಲಿ ಸಂಬಳ ಸಣ್ಣದು, ಲಾಭದ ಪಾಲು ದೊಡ್ಡದು. ಷೇರುಪೇಟೆಯ ನಿಯಂತ್ರಕ ಸೆಬಿಯ ಹೊಸ ನಿಯಮದಿಂದಾಗಿ 2024ರ ನವೆಂಬರಿನಲ್ಲಿ ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಯ ವಾರದ ಎಕ್ಸ್‌ಪೈರಿ, ಅಂದರೆ ವಾರವಾರ ಮುಗಿಯುವ ಒಪ್ಪಂದಗಳ ವ್ಯವಹಾರ, ನಿಂತಾಗ ಆ ಪಾಲು ಅರ್ಧಕ್ಕಿಳಿಯಿತು. ಮೂರು ತಿಂಗಳ ನಂತರ ನನ್ನ ಮುಂದೆ ಕುಳಿತಿದ್ದರು.

"ಮೇಡಂ, ಟ್ರೇಡಿಂಗ್ ಸಾಕಾಗಿದೆ. ರಿಸರ್ಚ್‌ಗೆ ಹೋಗಬೇಕು. ಸಿಎಫ್‌ಎ ಮಾಡಲೋ, ಎಂಬಿಎ ಮಾಡಲೋ?"

ನಾನು ತಪ್ಪು ಮಾಡಿದ್ದು ಇಲ್ಲಿ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಹಣಕಾಸು ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆಯಾದ ಸಿಎಫ್‌ಎಯ ಮೂರು ಹಂತ, ಹಿಡಿಯುವ ವರ್ಷಗಳು, ಕಂಪನಿಗಳನ್ನು ಓದಿ ಷೇರಿನ ಬಗ್ಗೆ ವರದಿ ಬರೆಯುವ ವಿಶ್ಲೇಷಕರಿಗಿರುವ ಎನ್‌ಐಎಸ್‌ಎಂ ಪರೀಕ್ಷೆ ಎಲ್ಲವನ್ನೂ ವಿವರಿಸಿದೆ. ಅವರು ಬರೆದುಕೊಂಡು ಹೋದರು. ಇವರು ಒಂದು ಕೆಲಸದಿಂದ ಓಡುತ್ತಿದ್ದಾರೋ ಇನ್ನೊಂದರ ಕಡೆಗೆ ಹೊರಟಿದ್ದಾರೋ ಎಂದು ನಾನು ಕೇಳಲೇ ಇಲ್ಲ.

ಎರಡನೆಯ ಸಲ ಬಂದಾಗ ಸಂದರ್ಶನವೊಂದರಲ್ಲಿ ಸೋತಿದ್ದರು. ಕಂಪನಿಯೊಂದರ ಲೆಕ್ಕಪತ್ರ ಮುಂದಿಟ್ಟು, "ಮಾರಾಟ ಶೇ 10 ಹೆಚ್ಚಿದೆ, ಗ್ರಾಹಕರಿಂದ ಬರಬೇಕಾದ ಬಾಕಿ ಶೇ 40 ಹೆಚ್ಚಿದೆ. ಏನನಿಸುತ್ತದೆ?" ಎಂದು ಕೇಳಿದ್ದರಂತೆ. ಮಾಲು ಸಾಲಕ್ಕೆ ಹೋಗುತ್ತಿದೆ, ದುಡ್ಡು ಬರುತ್ತಿಲ್ಲ ಎಂದು ಗುರುತಿಸಬೇಕಿತ್ತು. ಮಹೇಶ ಬೆಲೆಯ ಚಾರ್ಟಿನ ಸಪೋರ್ಟ್, ರೆಸಿಸ್ಟೆನ್ಸ್, ಅಂದರೆ ಬೆಲೆ ಎಲ್ಲಿ ನಿಲ್ಲಬಹುದು, ಎಲ್ಲಿ ತಡೆಯಬಹುದು ಎಂಬುದನ್ನು ಹೇಳಿದರು. "ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಮೇಡಂ" ಎಂದರು.

ಮರೆಯಲಾಗದ ಒಂದು ವ್ಯವಹಾರ ಹೇಳಿ ಎಂದೆ. 2023ರ ಡಿಸೆಂಬರ್ ಮೊದಲ ವಾರದ ಕತೆ ಹೇಳಿದರು. ಕಬ್ಬಿನ ಹಾಲಿನಿಂದ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತಯಾರಿಸಬಾರದೆಂದು ಕೇಂದ್ರ ಸರ್ಕಾರ 7ರಂದು ಆದೇಶಿಸಿತು, ಸಕ್ಕರೆ ಷೇರುಗಳು ಕುಸಿದವು. ಮಹೇಶ ಅದಕ್ಕೆ ಎರಡು ದಿನ ಮೊದಲೇ ಒಂದು ಸಕ್ಕರೆ ಕಂಪನಿಯ ಫ್ಯೂಚರ್ಸ್ ಮಾರಿದ್ದರು, ಅಂದರೆ ಷೇರಿನ ಬೆಲೆ ಇಳಿಯುತ್ತದೆಂದು ಪಣ ಕಟ್ಟಿದ್ದರು. ಯಾಕೆ?

"ಈ ಸಲ ಕಬ್ಬು ಎದೆಮಟ್ಟ ದಾಟಿಲ್ಲ ಎಂದು ಅಪ್ಪ ಫೋನಿನಲ್ಲಿ ಹೇಳಿದ್ದರು."

ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಕಬ್ಬು ಕಡಿಮೆಯಾದರೆ ಸಕ್ಕರೆ ಕಡಿಮೆ. ಮುಂದೆ ಲೋಕಸಭಾ ಚುನಾವಣೆ. ಬೆಲೆ ಏರಲು ಸರ್ಕಾರ ಬಿಡುವುದಿಲ್ಲ. ಸಕ್ಕರೆ ಉಳಿಸಲು ಮೊದಲು ತಡೆಯುವುದು ಎಥೆನಾಲನ್ನೇ. ಇಷ್ಟೂ ಅವರ ತಲೆಯಲ್ಲಿತ್ತು. ತಂಡದವರಿಗೆ ಮಾತ್ರ "ಏನೋ ಅನಿಸಿತು, ಮಾರಿದೆ" ಎಂದಿದ್ದರು. ಅಲ್ಲಿ ಯಾರಿಗೂ ಕಾರಣ ಬೇಕಿರಲಿಲ್ಲ, ಬೆಲೆ ಸಾಕಿತ್ತು.

ಕೋರ್ಸಿನ ಮಾತನ್ನು ನಾನೇ ಹಿಂದಕ್ಕೆ ತೆಗೆದುಕೊಂಡೆ. ಕೆಲಸ ಬಿಡಬೇಡಿ, ಮಾರುಕಟ್ಟೆ ಮುಚ್ಚುವುದು ಮೂರೂವರೆಗೆ, ಅಲ್ಲಿಂದಾಚೆಗಿನ ಎರಡು ಗಂಟೆ ಮೂರು ತಿಂಗಳು ನನಗೆ ಕೊಡಿ ಎಂದೆ. ಒಂದೇ ಒಂದು ಸಕ್ಕರೆ ಕಂಪನಿ ಆರಿಸಿಕೊಳ್ಳಿ. ಐದು ವರ್ಷದ ವಾರ್ಷಿಕ ವರದಿಗಳನ್ನು ಹಿಂದಿನಿಂದ ಓದಿ. ಅಧ್ಯಕ್ಷರ ಭಾಷಣ ಕೊನೆಗಿರಲಿ, ಲೆಕ್ಕದ ಟಿಪ್ಪಣಿಗಳು ಮೊದಲು. ಕಬ್ಬು ಅರೆಯುವುದು ಕೆಲವೇ ತಿಂಗಳು, ಸಕ್ಕರೆ ಮಾರುವುದು ವರ್ಷವಿಡೀ. ಹಾಗಾಗಿ ಮಾರ್ಚ್ ಕೊನೆಯ ದಾಸ್ತಾನು, ಸಾಲ ಎರಡೂ ಉಬ್ಬಿರುತ್ತವೆ. ರೈತರಿಗೆ 14 ದಿನದೊಳಗೆ ಹಣ ಕೊಡದಿದ್ದರೆ ಶೇ 15ರ ಬಡ್ಡಿ ಎಂದು ಕಾನೂನು ಹೇಳುತ್ತದೆ. ಬಾಕಿ ಎಷ್ಟು ಉಳಿದಿದೆ ನೋಡಿ. 2024-25ರ ಹಂಗಾಮಿಗೆ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕಬ್ಬಿನ ಕನಿಷ್ಠ ಬೆಲೆ, ಕ್ವಿಂಟಲ್‌ಗೆ 340 ರೂಪಾಯಿ, ಅದೂ ಶೇ 10.25 ರಿಕವರಿಗೆ, ಅಂದರೆ ಕಬ್ಬಿನಿಂದ ಅಷ್ಟು ಸಕ್ಕರೆ ಸಿಕ್ಕರೆ. ಮುಂಬೈಯ ವಿಶ್ಲೇಷಕ ಇದನ್ನೆಲ್ಲ ಓದಿ ಕಲಿಯಬೇಕು. ಇವರ ಮನೆಯಲ್ಲಿ ಇದು ಊಟದ ಹೊತ್ತಿನ ಮಾತು.

ವರದಿ ಎಂಟು ಪುಟ ಮೀರಬಾರದು. ಮೊದಲ ಪುಟದಲ್ಲೇ "ಏನು ನಡೆದರೆ ನನ್ನ ಮಾತು ತಪ್ಪು" ಎಂದು ಬರೆಯಬೇಕು. ಇದು ಅವರಿಗೆ ಸುಲಭವಾಯಿತು. ಸ್ಟಾಪ್‌ಲಾಸ್, ಅಂದರೆ ನಷ್ಟ ಇಷ್ಟಕ್ಕೇ ನಿಲ್ಲಲಿ ಎಂಬ ಮಿತಿ, ಹಾಕಿ ಬದುಕಿದವರು ತಪ್ಪೊಪ್ಪಿಕೊಳ್ಳಲು ಹಿಂಜರಿಯುವುದಿಲ್ಲ. ಈ ಗುಣ ಎಷ್ಟೋ ಪದವೀಧರ ವಿಶ್ಲೇಷಕರಲ್ಲಿ ನನಗೆ ಕಂಡಿಲ್ಲ.

ಕಷ್ಟವಾದದ್ದು ಕಾಯುವುದು. ಟ್ರೇಡರ್‌ಗೆ ದಿನವೂ ಮೂರೂವರೆಗೆ ಫಲಿತಾಂಶ ಸಿಗುತ್ತದೆ. ವಿಶ್ಲೇಷಕನಿಗೆ ಎರಡು ವರ್ಷ ಹಿಡಿಯಬಹುದು, ಬೆಲೆ ಬೇರೆ ಕಾರಣಕ್ಕೆ ಏರಿದರೆ ಆಗಲೂ ತಿಳಿಯದು. ಎರಡನೆಯ ತಿಂಗಳಲ್ಲಿ ಮಹೇಶ ಅಂದಂದಿನ ಷೇರು ಬೆಲೆ ನೋಡಿ ವರದಿಯ ಅಂಕಿ ತಿದ್ದತೊಡಗಿದರು. ವರದಿ ಮುಗಿಯುವವರೆಗೆ ಆ ಷೇರಿನ ಬೆಲೆ ನೋಡಬೇಡಿ ಎಂದೆ. ಒಂಬತ್ತು ದಿನ ತಡೆದುಕೊಂಡರು.

ಇದೇ ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಂತು. ಸೆಬಿಯ 2014ರ ನಿಯಮಗಳ ಪ್ರಕಾರ ವಿಶ್ಲೇಷಕರು ತಾವು ಶಿಫಾರಸು ಮಾಡುವ ಷೇರಿನಲ್ಲಿ ವರದಿಗೆ 30 ದಿನ ಮೊದಲು, 5 ದಿನ ನಂತರ ಸ್ವಂತಕ್ಕೆ ವ್ಯವಹರಿಸುವಂತಿಲ್ಲ ಎಂದೆ. ಅವರ ಮುಖ ಇಳಿಯಿತು. ಕಚೇರಿಗೆ ತಿಳಿಸದೆ ಸ್ವಂತ ಖಾತೆಯಲ್ಲಿ ಆಪ್ಷನ್, ಅಂದರೆ ಬೆಲೆಯ ಏರಿಳಿತದ ಮೇಲಿನ ಒಪ್ಪಂದಗಳನ್ನು, ಆಡುತ್ತಿದ್ದರು. ನಾಲ್ಕು ಲಕ್ಷ ಹೋಗಿತ್ತು, ಅಷ್ಟೂ ವೈಯಕ್ತಿಕ ಸಾಲ. ಹೆಂಡತಿಗೆ ಗೊತ್ತಿರಲಿಲ್ಲ. ಮೂರು ವರ್ಷಗಳಲ್ಲಿ ನೂರಕ್ಕೆ 93 ಮಂದಿ ಸಣ್ಣ ವ್ಯವಹಾರಸ್ಥರು ಫ್ಯೂಚರ್ಸ್ ಮತ್ತು ಆಪ್ಷನ್‌ನಲ್ಲಿ ಕಳೆದುಕೊಂಡರೆಂದು ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನಪಿಸಿದೆ.

"ಗೊತ್ತು ಮೇಡಂ. ಉಳಿದ ಏಳರಲ್ಲಿ ನಾನಿದ್ದೇನೆ ಎಂದುಕೊಂಡಿದ್ದೆ."

ಹೊಸ ಕೆಲಸದಲ್ಲಿ ಮೊದಲಿಗೆ ಆದಾಯ ಇಳಿಯುತ್ತದೆ, ಸಾಲದ ಕಂತು ಇಳಿಯುವುದಿಲ್ಲ. ಹಾಗಾಗಿ ಅರ್ಜಿ ಹಾಕುವ ಮೊದಲು ಮನೆಯಲ್ಲಿ ಹೇಳಲೇಬೇಕು ಎಂದೆ. ಮೂರು ವಾರ ತೆಗೆದುಕೊಂಡರು. ನಾಲ್ಕನೆಯ ಭೇಟಿಗೆ ಅವರ ಪತ್ನಿಯೂ ಬಂದರು. ಸಾಲದ ಬಗ್ಗೆ ಮನೆಯಲ್ಲೇ ಜಗಳ ಮುಗಿಸಿದ್ದರೆಂದು ಕಾಣುತ್ತದೆ, ನನ್ನೆದುರು ಗಂಡನನ್ನು ಕೇಳಿದ್ದು ಒಂದೇ: "ಅಲ್ಲಿಗೆ ಹೋದ ಮೇಲೂ ಬೆಳಗಿನ ಜಾವ ಐದಕ್ಕೆ ಎದ್ದು ಫೋನು ನೋಡುತ್ತೀರಾ?"

ಎನ್‌ಐಎಸ್‌ಎಂ ಪರೀಕ್ಷೆ ಪಾಸಾಯಿತು. ಸಿಎಫ್‌ಎ ಮುಂದಕ್ಕೆ ಹೋಯಿತು. ವರದಿಯನ್ನು ಆರು ಕಡೆ ಕಳುಹಿಸಿದರು, ಇಬ್ಬರು ಉತ್ತರಿಸಿದರು, ಒಬ್ಬರು ಕೃಷಿ ಆಧಾರಿತ ಕಂಪನಿಗಳನ್ನು ನೋಡುವ ತಂಡಕ್ಕೆ ಕಿರಿಯ ವಿಶ್ಲೇಷಕರಾಗಿ ತೆಗೆದುಕೊಂಡರು. ಆದಾಯ ಮೂರನೇ ಒಂದರಷ್ಟು ಕಡಿಮೆ.

ಮಗನ ಕೆಲಸವನ್ನು ಅಪ್ಪ ಇಷ್ಟು ದಿನ "ಓಸಿ" ಎನ್ನುತ್ತಿದ್ದರು. ಮಟ್ಕಾಕ್ಕೆ ನಮ್ಮ ಕಡೆಯ ಹೆಸರು ಅದು. ವರದಿಯನ್ನು ತಂಗಿ ಓದಿ ಹೇಳಿದಾಗ ರಿಕವರಿ ಅಂಕಿಯ ಬಳಿ ನಿಲ್ಲಿಸಿದರಂತೆ. "ಇದೇ ನೆಲದ ಕಬ್ಬಿಗೆ ಪಕ್ಕದ ಫ್ಯಾಕ್ಟರಿ ಹೆಚ್ಚು ತೋರಿಸುತ್ತದೆ. ಇವರು ಯಾಕೆ ಕಡಿಮೆ ತೋರಿಸುತ್ತಾರೆ ಎಂದು ಅವನು ಕೇಳಿದ್ದಾನೇನು?" ಮಹೇಶ ಕೇಳಿರಲಿಲ್ಲ. ಎರಡನೆಯ ವರದಿ ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಸ್ವಂತ ಆಪ್ಷನ್ ಖಾತೆ ಇನ್ನೂ ಮುಚ್ಚಿಲ್ಲ. ಅದರಲ್ಲಿ ಹಣವಿಲ್ಲ ಎನ್ನುತ್ತಾರೆ. ಮುಂದಿನ ಭೇಟಿಗೆ ಖಾತೆಯ ವಿವರಪಟ್ಟಿ ತರಲು ಹೇಳಿದ್ದೇನೆ.